ಸಹಾಯ ಬೇಕು: ತಂಗಿಯ ಡಿಗ್ರಿ, ಸ್ಕಾಲರ್‌ಶಿಪ್, ಹಾಸ್ಟೆಲ್

ಎಲ್ಲರಿಗೂ ನಮಸ್ಕಾರ. ನಮ್ಮದು ಮಾನ್ವಿ ತಾಲ್ಲೂಕಿನ ಹಳ್ಳಿ. ತಂಗಿಗೆ ರಾಯಚೂರಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಓದುತ್ತಿರುವವರಲ್ಲಿ ಇವಳೇ ಮೊದಲು. ಅಪ್ಪ, ಅವ್ವ ಹತ್ತಿ ಬಿಡಿಸಲು ಹೋಗುತ್ತಾರೆ. ನಾನು ಎಸ್ಸೆಸ್ಸೆಲ್ಸಿಗೇ ಬಿಟ್ಟು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ಫೋನ್ ಮಾಡಿ, "ಅಣ್ಣಾ, ಸೆಮಿಸ್ಟರ್ ಅಂದ್ರೇನು?" ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ತುಂಬಾ ಸಂಕಟವಾಯಿತು.

ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್) ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತಂದಾಗಿದೆ. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮಾತ್ರ ಇದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿದೆ. ಯಾವುದನ್ನು ತಿದ್ದಿಸಬೇಕು? ಬ್ಯಾಂಕಿನವರು ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂತಾರೆ. ಸೈಬರ್ ಸೆಂಟರಿನವರು ಎನ್‌ಪಿಸಿಐ ಸೀಡಿಂಗ್ (ಸರ್ಕಾರದ ದುಡ್ಡು ಆಧಾರ್ ಮೂಲಕ ಯಾವ ಖಾತೆಗೆ ಬರಬೇಕು ಅಂತ ನೋಂದಾಯಿಸುವುದು) ಬೇರೆ ಮಾಡಿಸಬೇಕು ಅಂತಾರೆ. ಪಿಯುಸಿಯಲ್ಲಿ ಇದೇ ಗೊಂದಲದಿಂದ ಅವಳಿಗೆ ದುಡ್ಡು ಬರಲೇ ಇಲ್ಲ. ಈ ಸಲ ಹಾಗಾಗಬಾರದು.

ಇನ್ನೊಂದು, ಬಿಸಿಎಂ ಹಾಸ್ಟೆಲ್ (ಹಿಂದುಳಿದ ವರ್ಗದವರ ಸರ್ಕಾರಿ ಹಾಸ್ಟೆಲ್) ಸಿಗದಿದ್ದರೆ, ಊಟ-ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆಗೆ ಹಾಕಬಹುದು ಅಲ್ವಾ? ಎರಡಕ್ಕೂ ಈಗಲೇ ಅರ್ಜಿ ಹಾಕಬೇಕಾ?

ರಾಯಚೂರಿನಲ್ಲಿ ಓದಿದ ಅಕ್ಕಂದಿರು ಯಾರಾದರೂ ಇದ್ದರೆ, ದಯವಿಟ್ಟು ಅವಳ ಜೊತೆ ಹತ್ತು ನಿಮಿಷ ಮಾತಾಡಿ. ಕಾಲೇಜು ಹೇಗಿರುತ್ತದೆ ಅಂತ ಹೇಳುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಇನ್‌ಬಾಕ್ಸ್‌ಗೆ ಬಂದರೆ ನಂಬರ್ ಕೊಡುತ್ತೇನೆ.