ಇಟಲಿಯವರು ತೋಟದ ನಕ್ಷೆ ಕೇಳುತ್ತಿದ್ದಾರೆ, ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ಏನು ಮಾಡುವುದು?

ಹಾನುಬಾಳು_ರಸ್ತೆ:
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದು 12 ಎಕರೆ ರೋಬಸ್ಟಾ ಕಾಫಿ ತೋಟ. ಅಕ್ಕಪಕ್ಕದ ಒಂಬತ್ತು ಮನೆಯವರು ಸೇರಿ ಒಂದು ಕಂಟೇನರ್, ಅಂದರೆ 60 ಕೆಜಿಯ 320 ಚೀಲ, ನೇರವಾಗಿ ಇಟಲಿಗೆ ಕಳಿಸೋಣ ಎಂದು ಹೊರಟಿದ್ದೇವೆ. ರಫ್ತಿಗೆ ಬೇಕಾದ ಐಇಸಿ ಸಂಖ್ಯೆ ಆಯಿತು, ಕಾಫಿ ಮಂಡಳಿಯ ನೋಂದಣಿ ಆಯಿತು, ಬೆಲೆಗೂ ಒಪ್ಪಿದರು. ಈಗ ಕೊಳ್ಳುವವರು ಒಂದು ಉದ್ದದ ಫಾರಂ ಕಳಿಸಿದ್ದಾರೆ. ಪ್ರತಿ ತೋಟದ ಜಿಪಿಎಸ್ ಬೇಕಂತೆ, ಜಮೀನಿನ ದಾಖಲೆ ಬೇಕಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ತೋಟ ಮಾಡಿಲ್ಲ ಎಂಬುದಕ್ಕೆ ಆಧಾರವೂ ಬೇಕಂತೆ.

ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಒಳಗೆ ಬಿಡುವುದಿಲ್ಲ ಎನ್ನುವ ಈ ಯುರೋಪಿನ ಕಾನೂನು ಎರಡು ಸಲ ಮುಂದಕ್ಕೆ ಹೋಗಿದೆ, ಇನ್ನೂ ಹೋಗಬಹುದು, ಸುಮ್ನೆ ಯಾಕೆ ಖರ್ಚು ಅಂತ ಅಪ್ಪ ಹೇಳುತ್ತಾರೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ, ಚಿಕ್ಕಪ್ಪಂದಿರ ಜೊತೆ ಪಾಲಾಗಿಲ್ಲ. ಇನ್ನೊಂದು ಭಯ ಏನೆಂದರೆ, ನಮ್ಮ ತೋಟದ ತುಂಬಾ ಸಿಲ್ವರ್ ಓಕ್, ಹಲಸು, ಬೀಟೆ ಇವೆ, ಮೇಲಿಂದ ನೋಡಿದರೆ ಪೂರಾ ಕಾಡಿನ ಹಾಗೇ ಕಾಣುತ್ತದೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿದ ವರ್ಷ ಉಪಗ್ರಹದಲ್ಲಿ ಕಾಡು ಕಡಿದ ಹಾಗೆ ಬಂದರೆ? ಒಬ್ಬ ಏಜೆಂಟ್ ಎಲ್ಲರ ನಕ್ಷೆ ಮಾಡಿಕೊಡುತ್ತೇನೆ ಎಂದಿದ್ದಾನೆ, ಆದರೆ ಫೈಲ್ ತನ್ನ ಹತ್ತಿರವೇ ಇರುತ್ತದಂತೆ. ಗೊತ್ತಿದ್ದವರು ಹೇಳಿ.

ಔಟ್‌ಟರ್ನ್_ಪುಸ್ತಕ:
ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಗದಪತ್ರದ ಕೆಲಸ ನನ್ನದು. ಮೊದಲು ನಕ್ಷೆಯ ವಿಷಯ. ಒಂದು ತಾಕು 4 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ, ಅಂದರೆ ಹತ್ತಿರ ಹತ್ತಿರ 10 ಎಕರೆ ದಾಟಿದರೆ, ಸುತ್ತಲಿನ ಗಡಿ ಪೂರ್ತಿ ಗುರುತಿಸಿ ಕೊಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಬಿಂದು ಸಾಕು. ನಿಮ್ಮ 12 ಎಕರೆ ಒಂದೇ ಕಡೆ ಇದೆಯಾ, ಎರಡು ಕಡೆ ಇದೆಯಾ ನೋಡಿಕೊಳ್ಳಿ. ದಶಮಾಂಶದ ನಂತರ ಆರು ಅಂಕಿ ಇರಲೇಬೇಕು.

ಇನ್ನೊಂದು ಮಾತು, ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅಕ್ಷಾಂಶ ಮೊದಲು ಬರುತ್ತದೆ. ಕೊಳ್ಳುವವರು ಕೇಳುವ ಜಿಯೋಜೇಸನ್ ಎಂಬ ನಕ್ಷೆಯ ಫೈಲಿನಲ್ಲಿ ರೇಖಾಂಶ ಮೊದಲು. ಸಕಲೇಶಪುರದ 12.9 ಮತ್ತು 75.8 ಅದಲು ಬದಲಾದರೆ ತೋಟ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ನಮ್ಮಲ್ಲಿ ಹೀಗೆ ಒಂದು ಲಾಟ್ ಮೂರು ವಾರ ಗೋಡೌನಿನಲ್ಲೇ ನಿಂತಿತು, ಬೆಳೆಗಾರರಿಗೆ ಆ ಮೂರು ವಾರ ದುಡ್ಡಿಲ್ಲ. ತುಂಬಾ ಬೇಜಾರಾಯಿತು. ಕಳಿಸುವ ಮೊದಲು ಫೈಲನ್ನು ಮ್ಯಾಪಿನ ಮೇಲೆ ತೆರೆದು ಕಣ್ಣಾರೆ ನೋಡಿ.

ಹ್ಯಾಂಬರ್ಗ್_ಮಲೆನಾಡಿಗ:
ನಾನು ಈ ಕಡೆ, ಆಮದು ಮಾಡಿಕೊಳ್ಳುವವರ ಜೊತೆ ಕೆಲಸ ಮಾಡುತ್ತೇನೆ. ಅಪ್ಪನ ಪ್ರಶ್ನೆ ಸರಿಯಾಗಿಯೇ ಇದೆ. ಕಾನೂನು ಬಂದದ್ದು 2023ರಲ್ಲಿ, 2024ರ ಕೊನೆಗೆ ಜಾರಿಯಾಗಬೇಕಿತ್ತು. ಬ್ರೆಜಿಲ್, ಇಂಡೋನೇಷ್ಯಾ, ಅಮೆರಿಕ ಎಲ್ಲ ಕಡೆಯಿಂದ ಒತ್ತಡ ಬಂತು, ಒಂದು ವರ್ಷ ಮುಂದೆ ಹೋಯಿತು. ಎರಡನೇ ಸಲ ಯುರೋಪಿನವರು ಕೊಟ್ಟ ಕಾರಣವೇ ಬೇರೆ: ಸರಕು ಕಾನೂನಿನ ಪ್ರಕಾರ ಇದೆ ಎಂಬ ಎಲ್ಲರ ಹೇಳಿಕೆ ತುಂಬಿಸುವ ಕಂಪ್ಯೂಟರ್ ವ್ಯವಸ್ಥೆ ಅಷ್ಟು ಹೊರೆ ತಾಳುವುದಿಲ್ಲ ಎಂದು. ಈಗಿನ ದಿನಾಂಕ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30.

ಆದರೆ ನಿಮ್ಮಿಂದ ಕೊಳ್ಳುವವರು ಆ ದಿನಾಂಕಕ್ಕೆ ಕಾಯುತ್ತಾ ಕೂರುವುದಿಲ್ಲ. ತಪ್ಪಿದರೆ ದಂಡ ಅವರಿಗೆ, ದೊಡ್ಡ ತಪ್ಪಿಗೆ ವಾರ್ಷಿಕ ವಹಿವಾಟಿನ ಶೇ 4ರವರೆಗೆ ಅಥವಾ ಇನ್ನೂ ಜಾಸ್ತಿ ಹೋಗಬಹುದು. ಹುರಿಯದ ಕಾಫಿ ಬೀಜಕ್ಕೆ ಯುರೋಪಿನಲ್ಲಿ ಆಮದು ಸುಂಕವೇ ಇಲ್ಲ, ಹಾಗಾಗಿ ಇಬ್ಬರು ಒಂದೇ ಬೆಲೆ ಹೇಳಿದರೆ ಯಾರ ಕಾಗದ ಸರಿ ಇದೆಯೋ ಅವರ ಹತ್ತಿರ ಹೋಗುತ್ತಾರೆ. ನಾನು ದಿನಾ ನೋಡುವುದು ಇದನ್ನೇ.

ಮರದ ಬಗ್ಗೆ ಭಯ ಬೇಡ, ಆದರೆ ತಯಾರಿ ಬೇಕು. ಮರದ ನೆರಳಿನಲ್ಲಿ ಬೆಳೆ ತೆಗೆಯುವ ಜಮೀನು ಕಾಡಲ್ಲ, ಅದು ಕೃಷಿ ಎಂದು ಕಾನೂನಿನಲ್ಲೇ ಬರೆದಿದೆ. ತೊಂದರೆ ಇರುವುದು ಯಂತ್ರದಲ್ಲಿ. ಯುರೋಪಿನವರು ಮಾಡಿದ 2020ರ ಕಾಡಿನ ನಕ್ಷೆಯಲ್ಲಿ ನೆರಳಿನ ತೋಟ ಕಾಡಿನಂತೆ ಕಾಣಬಹುದು. ಆ ನಕ್ಷೆಯೇ ಕೊನೆಯ ಮಾತಲ್ಲ, ಅದನ್ನು ಒಪ್ಪಲೇಬೇಕು ಎಂದೂ ಇಲ್ಲ. 2020ಕ್ಕಿಂತ ಮೊದಲಿನ ಪಹಣಿಯಲ್ಲಿ ಕಾಫಿ ಎಂದು ಬರೆದಿದ್ದರೆ ಅದನ್ನು ಜೊತೆಗೆ ಇಡಿ, ಹಳೆಯ ಮಾರಾಟದ ರಸೀದಿ ಇಡಿ, ಮರಗಸಿಯ ಮೊದಲು ಮತ್ತು ನಂತರ ತೋಟದ ಫೋಟೋ ತೆಗೆದಿಡಿ. ಭಾರತವನ್ನು 2025ರ ಮೇ ತಿಂಗಳಲ್ಲಿ ಕಡಿಮೆ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಇದರಿಂದ ತಪಾಸಣೆ ಕಡಿಮೆ ಆಗುತ್ತದೆ, ಜಿಪಿಎಸ್ ಕೊಡುವುದು ತಪ್ಪುವುದಿಲ್ಲ.

ಮೂಡಿಗೆರೆ_ಹಳಬ:
ಪಹಣಿಗೆ ಪಾಲು ಆಗುವವರೆಗೆ ಕಾಯಬೇಡಮ್ಮ. ತಾತ ತೀರಿಕೊಂಡಿದ್ದರೆ ಮರಣ ಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕು. ವಾರಸುದಾರರ ಹೆಸರು ಎಲ್ಲಾ ಜಂಟಿಯಾಗಿ ಬರುತ್ತದೆ, ಪಾಲು ಆಮೇಲೆ ಮಾಡಿಕೊಳ್ಳಿ. ಚಿಕ್ಕಪ್ಪಂದಿರನ್ನು ಕೂರಿಸಿಕೊಂಡು ಇದು ಪಾಲು ಅಲ್ಲ ಎಂದು ಬಿಡಿಸಿ ಹೇಳು, ಅವರಿಗೆ ಅನುಮಾನ ಬರುವುದೇ ಅಲ್ಲಿ.

ಆ ಏಜೆಂಟ್ ಮಾತಿಗೆ ಮಾತ್ರ ಒಪ್ಪಬೇಡಿ. ನಕ್ಷೆ ಅವನ ಕೈಯಲ್ಲಿದ್ದರೆ ಮುಂದಿನ ವರ್ಷ ಅವನು ಹೇಳಿದವರಿಗೇ ಮಾರಬೇಕಾಗುತ್ತದೆ. ಮಕ್ಕಳು ಫೋನ್ ಹಿಡಿದು ಬೇಲಿ ಸುತ್ತ ನಡೆದರೆ ಒಂದು ಬೆಳಗ್ಗೆಯ ಕೆಲಸ. ಅವನಿಂದಲೇ ಮಾಡಿಸಿದರೂ ಫೈಲ್ ಕೈಗೆ ಬಂದ ಮೇಲೆ ದುಡ್ಡು ಕೊಡಿ.

ಹಾನುಬಾಳು_ರಸ್ತೆ:
ತುಂಬಾ ಥ್ಯಾಂಕ್ಸ್. ನಾಳೆಯೇ ನಾಡಕಚೇರಿಗೆ ಹೋಗುತ್ತೇನೆ. ಒಂದು ಮಾತು ಕೇಳಲು ಸಂಕೋಚ, ಆದರೂ ಕೇಳಿಬಿಡುತ್ತೇನೆ. ನಮ್ಮ ಗುಂಪಿನ ಒಬ್ಬರ ಎರಡು ಎಕರೆ ಒತ್ತುವರಿ ಜಾಗ. ಕಾಫಿ ಹಾಕಿ ಮೂವತ್ತು ವರ್ಷ ಆಗಿದೆ, ಕಾಡು ಕಡಿದದ್ದೇನೂ ಈಚೆಗಲ್ಲ. ಸೇರಿಸಬಹುದಾ?

ಔಟ್‌ಟರ್ನ್_ಪುಸ್ತಕ:
ಸೇರಿಸಬೇಡಿ. ಕಾಡಿನ ಷರತ್ತು ಒಂದೇ ಅಲ್ಲ, ಇಲ್ಲಿನ ಜಮೀನಿನ ಕಾನೂನಿನ ಪ್ರಕಾರವೂ ಸರಿ ಇರಬೇಕು. ಒಂದು ಚೀಲ ತಪ್ಪು ಬೀಜ ಬೆರೆತರೆ ಇಡೀ ಕಂಟೇನರ್ ಹೋದಂತೆ, ಇಷ್ಟು ಭಾಗ ಸರಿ ಇದೆ ಎಂದು ಲೆಕ್ಕ ಹಾಕಲು ಬಿಡುವುದಿಲ್ಲ. ಅವರನ್ನು ಗುಂಪಿನಿಂದ ತೆಗೆಯಬೇಡಿ, ಅವರ ಸರಿಯಾದ ಜಮೀನಿನ ಕಾಫಿ ಬರಲಿ. ಆ ಎರಡು ಎಕರೆಯದನ್ನು ಬೇರೆ ಕಣದಲ್ಲಿ ಒಣಗಿಸಿ, ಬೇರೆ ಚೀಲಕ್ಕೆ ತುಂಬಿ, ಇಲ್ಲೇ ಸಂತೆಯ ವ್ಯಾಪಾರಿಗೆ ಕೊಡಲಿ. ಚೀಲದ ಬಾಯಿಗೆ ಬೇರೆ ಬಣ್ಣದ ದಾರ ಕಟ್ಟಿಸಿ, ಕೊಯ್ಲಿನ ಗಡಿಬಿಡಿಯಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.