ವೇಳಾಪಟ್ಟಿಯ ಮೇಲೆ ಹೊರಿಸಿದ ಆ 2 ಅಂಕಗಳು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಗುಂಪಿನಲ್ಲಿ ನಡೆದ ಫುಟ್‌ಬಾಲ್ ವಾದವನ್ನು ಈ ಬೆಳಿಗ್ಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. 2024ರಲ್ಲಿ ಆರ್ಸೆನಲ್‌ಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪ್ರಶಸ್ತಿ ಎರಡೇ ಅಂಕದಿಂದ ತಪ್ಪಿದ್ದು ವೇಳಾಪಟ್ಟಿಯಿಂದಲೇ, ಅದನ್ನು ಗೆದ್ದ ಮ್ಯಾಂಚೆಸ್ಟರ್ ಸಿಟಿಗೆ ಕೊನೆಯಲ್ಲಿ ಸುಲಭದ ಎದುರಾಳಿಗಳು ಸಿಕ್ಕಿದರು ಎಂದು ಅಕ್ಕನ ಮಗ ಹೇಳಿದ್ದಾನೆ. ಅನ್ಯಾಯ ಆಗಿದ್ದರೆ ಅದು ಲಿವರ್‌ಪೂಲ್‌ಗೆ ಮಾತ್ರ ಎಂದು ತಮ್ಮನ ಮಗಳು ಉತ್ತರಿಸಿದ್ದಾಳೆ. ಎಲ್ಲರೂ ಎಲ್ಲರೊಡನೆ ಎರಡೆರಡು ಸಲ ಆಡುವಾಗ ಅನ್ಯಾಯದ ಮಾತು ಎಲ್ಲಿಂದ ಬಂತು ಎಂದು ಭಾವನವರು ಕೇಳಿದ್ದಾರೆ. ಆ ಋತುವಿನ ಪಂದ್ಯಗಳನ್ನು ನಾನು ನಿದ್ದೆಗೆಟ್ಟು ನೋಡಿದವನು, ಆರ್ಸೆನಲ್ ಗೆಲ್ಲಲಿ ಎಂದು ಹಂಬಲಿಸಿ ನೋಡಿದವನು. ಆದ್ದರಿಂದ ಇದಕ್ಕೆ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಉದ್ದವಾದರೂ ದಯವಿಟ್ಟು ಪೂರ್ತಿ ಕೇಳಿ.

ಭಾವನವರೇ, ನೀವು ಹೇಳಿದ್ದು ಅರ್ಧ ನಿಜ. 20 ತಂಡಗಳು, ಪ್ರತಿ ತಂಡಕ್ಕೆ 38 ಪಂದ್ಯ, ಅವುಗಳಲ್ಲಿ 19 ತವರಿನಲ್ಲಿ, 19 ಹೊರಗೆ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಯಾರೊಡನೆ ಆಡಬೇಕು ಎಂಬುದರಲ್ಲಿ ಎಳ್ಳಷ್ಟೂ ಭೇದವಿಲ್ಲ. ಭೇದವಿರುವುದು ಯಾವಾಗ ಆಡಬೇಕು ಎಂಬುದರಲ್ಲಿ. ಋತು ಆರಂಭವಾಗುವ ಮೊದಲೇ ಕಂಪ್ಯೂಟರಿನಲ್ಲಿ ಪಟ್ಟಿ ಸಿದ್ಧವಾಗುತ್ತದೆ. ತವರಿನ ಪಂದ್ಯಗಳು ಒಂದೇ ಕಡೆ ಗುಡ್ಡೆ ಬೀಳದಂತೆ, ಅಕ್ಕಪಕ್ಕದ ಎರಡು ತಂಡಗಳು ಸಾಧ್ಯವಾದಷ್ಟು ಒಂದೇ ದಿನ ತಮ್ಮ ತಮ್ಮ ಅಂಗಳದಲ್ಲಿ ಆಡದಂತೆ ನೋಡಿಕೊಳ್ಳುತ್ತಾರೆ, ಪೊಲೀಸರನ್ನೂ ಕೇಳುತ್ತಾರೆ. ಆದರೆ ಆ ಪಟ್ಟಿ ಹಾಗೆಯೇ ಉಳಿಯುವುದಿಲ್ಲ. ಟಿವಿ ಸಂಸ್ಥೆಗಳು ತಮಗೆ ಬೇಕಾದ ಪಂದ್ಯಗಳನ್ನು ಶುಕ್ರವಾರ ರಾತ್ರಿಗೋ ಶನಿವಾರ ಮಧ್ಯಾಹ್ನಕ್ಕೋ ಸರಿಸುತ್ತವೆ. ಲೀಗ್‌ನಿಂದ ಬೇರೆಯಾದ, ಸೋತವರು ಹೊರಬೀಳುವ ಎಫ್‌ಎ ಕಪ್‌ನಲ್ಲಿ ಮುಂದೆ ಸಾಗಿದ ತಂಡಗಳ ಲೀಗ್ ಪಂದ್ಯಗಳು ವಾರಗಟ್ಟಲೆ ಮುಂದಕ್ಕೆ ಹೋಗುತ್ತವೆ. ಯುರೋಪಿನ ಟೂರ್ನಿಗಳು (ಚಾಂಪಿಯನ್ಸ್ ಲೀಗ್, ಯುರೋಪಾ ಲೀಗ್, ಕಾನ್ಫರೆನ್ಸ್ ಲೀಗ್) ವಾರದ ನಡುವಿನ ರಾತ್ರಿಗಳನ್ನು ನುಂಗುತ್ತವೆ. ಜೂನ್ ತಿಂಗಳಿನಲ್ಲಿ ನಾವು ಓದಿದ ಪಟ್ಟಿಯೇ ಬೇರೆ, ಏಪ್ರಿಲ್‌ನಲ್ಲಿ ಆಟಗಾರರ ಕಾಲುಗಳು ಅನುಭವಿಸುವ ಪಟ್ಟಿಯೇ ಬೇರೆ.

ಈಗ ಅಳಿಯನ ಮಾತಿಗೆ ಬರುತ್ತೇನೆ. 2024ರ ಮಾರ್ಚ್ 31ರಂದು ಸಿಟಿ ಮತ್ತು ಆರ್ಸೆನಲ್ ಎತಿಹಾದ್ ಅಂಗಳದಲ್ಲಿ 0-0 ಡ್ರಾ ಮಾಡಿಕೊಂಡವು, ಅದೇ ದಿನ ಲಿವರ್‌ಪೂಲ್ ಬ್ರೈಟನ್ ತಂಡವನ್ನು 2-1ರಿಂದ ಸೋಲಿಸಿತು. ಆ ರಾತ್ರಿ ಮೂರೂ ತಂಡಗಳು 29 ಪಂದ್ಯ ಮುಗಿಸಿದ್ದವು: ಲಿವರ್‌ಪೂಲ್ 67, ಆರ್ಸೆನಲ್ 65, ಸಿಟಿ 64. ಮೂವರಿಗೂ ಒಂಬತ್ತೊಂಬತ್ತು ಪಂದ್ಯ ಬಾಕಿ. ಅಳತೆಗೆ ಇಷ್ಟು ಸಮವಾದ ನೆಲ ಮತ್ತೆ ಸಿಗುವುದು ಕಷ್ಟ, ಆದ್ದರಿಂದ ಇಲ್ಲಿಂದಲೇ ಲೆಕ್ಕ ಹಿಡಿಯೋಣ.

ಸಿಟಿಯ ಒಂಬತ್ತು ಎದುರಾಳಿಗಳು ಆಸ್ಟನ್ ವಿಲ್ಲಾ, ಕ್ರಿಸ್ಟಲ್ ಪ್ಯಾಲೇಸ್, ಲೂಟನ್, ಬ್ರೈಟನ್, ನಾಟಿಂಗ್‌ಹ್ಯಾಮ್ ಫಾರೆಸ್ಟ್, ವುಲ್ವ್ಸ್, ಫುಲ್‌ಹ್ಯಾಮ್, ಟಾಟನ್‌ಹ್ಯಾಮ್ ಮತ್ತು ವೆಸ್ಟ್ ಹ್ಯಾಮ್. ಆರ್ಸೆನಲ್‌ಗೆ ಲೂಟನ್, ಬ್ರೈಟನ್, ಆಸ್ಟನ್ ವಿಲ್ಲಾ, ವುಲ್ವ್ಸ್, ಚೆಲ್ಸಿ, ಟಾಟನ್‌ಹ್ಯಾಮ್, ಬೋರ್ನ್‌ಮತ್, ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಎವರ್ಟನ್. ಒಂಬತ್ತರಲ್ಲಿ ಐದು ತಂಡಗಳು ಇಬ್ಬರಿಗೂ ಒಂದೇ ಎಂಬುದನ್ನು ನಿನ್ನೆ ಯಾರೂ ಗಮನಿಸಲಿಲ್ಲ. ಬೇರೆಯಾದ ನಾಲ್ಕರಲ್ಲಿ ಆರ್ಸೆನಲ್‌ನ ಪಾಲಿಗೆ ದೊಡ್ಡ ಹೆಸರುಗಳು ಬಂದಿದ್ದವು, ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ನಾಲ್ಕನ್ನೂ ಆರ್ಸೆನಲ್ ಗೆದ್ದಿತಲ್ಲ! ಚೆಲ್ಸಿಯ ಮೇಲೆ 5-0, ಬೋರ್ನ್‌ಮತ್ ಮೇಲೆ 3-0, ಓಲ್ಡ್ ಟ್ರಾಫರ್ಡ್‌ಗೇ ಹೋಗಿ ಯುನೈಟೆಡ್ ಮೇಲೆ 1-0, ಕೊನೆಯ ದಿನ ಎವರ್ಟನ್ ಮೇಲೆ 2-1. ಸೋತದ್ದು ಒಂದೇ ಒಂದು, ಅದೂ ಇಬ್ಬರೂ ಎದುರಿಸಿದ ತಂಡದ ಕೈಯಲ್ಲಿ: ಏಪ್ರಿಲ್ 14ರಂದು, ತನ್ನದೇ ಎಮಿರೇಟ್ಸ್ ಅಂಗಳದಲ್ಲಿ, ಆಸ್ಟನ್ ವಿಲ್ಲಾ ವಿರುದ್ಧ 0-2. ಅದೇ ವಿಲ್ಲಾ ತಂಡವನ್ನು ಸಿಟಿ ಏಪ್ರಿಲ್ 3ರಂದು ತನ್ನ ತವರಿನಲ್ಲಿ 4-1ರಿಂದ ಸೋಲಿಸಿತ್ತು. ಎದುರಾಳಿ ಒಂದೇ, ಇಬ್ಬರಿಗೂ ತವರು, ನಡುವಿನ ಅಂತರ ಹನ್ನೊಂದು ದಿನ. ಇಲ್ಲಿ ಪಟ್ಟಿಯನ್ನು ಹೇಗೆ ದೂರುವುದು?

ವಾರದ ನಡುವಿನ ಚಾಂಪಿಯನ್ಸ್ ಲೀಗ್ ಪಂದ್ಯದಿಂದ ಆಟಗಾರರು ದಣಿದಿದ್ದರು ಎಂದು ನೀನು ಬರೆದಿದ್ದೆ, ಅಳಿಯಾ. ದಿನಾಂಕಗಳನ್ನು ಎದುರಿಗಿಟ್ಟುಕೊಂಡು ನೋಡು. ಏಪ್ರಿಲ್ 9ರಂದು ಆರ್ಸೆನಲ್ ಲಂಡನ್ನಿನಲ್ಲೇ ಬಯರ್ನ್ ಮ್ಯೂನಿಕ್ ಜೊತೆ 2-2 ಆಡಿತು. ಅದೇ ರಾತ್ರಿ ಸಿಟಿ ಮ್ಯಾಡ್ರಿಡ್‌ನಲ್ಲಿ ರಿಯಲ್ ಜೊತೆ 3-3 ಆಡಿ ವಿಮಾನ ಹತ್ತಿ ಮರಳಿತು. ಸಿಟಿ ಶನಿವಾರವೇ ಮೈದಾನಕ್ಕಿಳಿದು ಲೂಟನ್ ತಂಡವನ್ನು 5-1ರಿಂದ ಮಣಿಸಿತು, ಆರ್ಸೆನಲ್‌ಗೆ ಭಾನುವಾರದವರೆಗೆ ಒಂದು ದಿನ ಹೆಚ್ಚು ಸಿಕ್ಕಿತು. ಎದುರಿಗಿದ್ದ ವಿಲ್ಲಾ ಗುರುವಾರವಷ್ಟೇ ಫ್ರಾನ್ಸಿನ ಲಿಲ್ ತಂಡದ ವಿರುದ್ಧ ಕಾನ್ಫರೆನ್ಸ್ ಲೀಗ್ ಪಂದ್ಯ ಆಡಿ ಬಂದಿತ್ತು. ಅಂದರೆ ಆ ದಿನ ಮೈದಾನದಲ್ಲಿದ್ದ ಎರಡು ತಂಡಗಳಲ್ಲಿ ಹೆಚ್ಚು ವಿಶ್ರಾಂತಿ ಪಡೆದದ್ದು ಆರ್ಸೆನಲ್. ಹೀಗಿದ್ದೂ 84ನೇ ನಿಮಿಷದಲ್ಲಿ ವಿಲ್ಲಾದ ಲಿಯಾನ್ ಬೇಯ್ಲಿ, 87ನೇ ನಿಮಿಷದಲ್ಲಿ ಓಲಿ ವಾಟ್ಕಿನ್ಸ್ ಗೋಲು ಹೊಡೆದರು. ನಮ್ಮಲ್ಲಿ ಆಗ ರಾತ್ರಿ ಹನ್ನೊಂದರ ಸಮೀಪ. ಟಿವಿ ಆರಿಸಿ ನಾನು ಬಹಳ ಹೊತ್ತು ಕತ್ತಲಲ್ಲೇ ಕೂತಿದ್ದೆ.

ಪುಟ್ಟೀ, ನಿನ್ನ ವಾದದಲ್ಲಿ ಹೆಚ್ಚಿನ ಬಲವಿದೆ. ಲಿವರ್‌ಪೂಲ್ ಆ ವರ್ಷ ಯುರೋಪಾ ಲೀಗ್‌ನಲ್ಲಿದ್ದುದರಿಂದ ಗುರುವಾರದ ಪಂದ್ಯಗಳು ತಪ್ಪುತ್ತಿರಲಿಲ್ಲ. ಏಪ್ರಿಲ್ 18ರ ಗುರುವಾರ ಇಟಲಿಯಲ್ಲಿ ಅಟಲಾಂಟಾ, 21ರಂದು ಫುಲ್‌ಹ್ಯಾಮ್, 24ರ ರಾತ್ರಿ ಎವರ್ಟನ್, 27ರ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ವೆಸ್ಟ್ ಹ್ಯಾಮ್. ಹತ್ತು ದಿನಗಳಲ್ಲಿ ನಾಲ್ಕು ಪಂದ್ಯ, ನಾಲ್ಕೂ ಎದುರಾಳಿಯ ಅಂಗಳದಲ್ಲಿ. ಮಾರ್ಚ್‌ನಲ್ಲಿ ನಡೆಯಬೇಕಿದ್ದ ಎವರ್ಟನ್ ಪಂದ್ಯ ಎಫ್‌ಎ ಕಪ್ ಕಾರಣದಿಂದ ಮುಂದೂಡಲ್ಪಟ್ಟು ಆ ಕಿರಿದಾದ ಜಾಗದಲ್ಲಿ ಬಂದು ಕೂತಿತ್ತು. ಬುಧವಾರ ರಾತ್ರಿ ಆಡಿದ ತಂಡವನ್ನು ಶನಿವಾರ ಮಧ್ಯಾಹ್ನದ ಮೊದಲ ಪಂದ್ಯಕ್ಕೆ ನಿಲ್ಲಿಸುವುದನ್ನು ಲಿವರ್‌ಪೂಲ್‌ನ ಅಂದಿನ ತರಬೇತುದಾರ ಯುರ್ಗನ್ ಕ್ಲೋಪ್ ವರ್ಷಗಳ ಕಾಲ ಪ್ರತಿಭಟಿಸಿದರು, ಅದು ಸರಿಯಾದ ಪ್ರತಿಭಟನೆಯೇ. ಆ ಹೊತ್ತು ಭಾರತದಲ್ಲಿ ಕೂತ ನಮಗೆ ಸಂಜೆ ಐದು, ಚಳಿಗಾಲದಲ್ಲಾದರೆ ಆರು. ಮನೆಮಂದಿಯೆಲ್ಲ ಕಾಫಿ ಹಿಡಿದು ನೋಡಲು ಅದರಷ್ಟು ಅನುಕೂಲದ ವೇಳೆ ಇನ್ನೊಂದಿಲ್ಲ. ಆದರೆ ನಮ್ಮ ಅನುಕೂಲಕ್ಕಿಂತ ಆಟಗಾರನ ಮೈಗೆ ಸಿಗಬೇಕಾದ ವಿಶ್ರಾಂತಿ ದೊಡ್ಡದು ಎಂದೇ ನನ್ನ ಭಾವನೆ. ಎವರ್ಟನ್ ವಿರುದ್ಧ 0-2 ಸೋಲು, ವೆಸ್ಟ್ ಹ್ಯಾಮ್ ವಿರುದ್ಧ 2-2 ಡ್ರಾ. ಮೂರು ದಿನಗಳಲ್ಲಿ ಐದು ಅಂಕ ಹೋಯಿತು. ಕೊನೆಗೆ ಲಿವರ್‌ಪೂಲ್ 82 ಅಂಕಗಳಿಗೆ ನಿಂತಿತು, ಸಿಟಿಗಿಂತ ಒಂಬತ್ತು ಕಡಿಮೆ. ಆ ಐದನ್ನು ಮರಳಿ ಸೇರಿಸಿದರೂ ಪ್ರಶಸ್ತಿ ಬರುತ್ತಿರಲಿಲ್ಲ, ಆದರೂ ನಡೆದದ್ದು ಸರಿಯಲ್ಲ.

ಸಿಟಿಗೆ ಎಲ್ಲವೂ ಹೂವಿನ ಹಾಸಿಗೆಯಾಗಿತ್ತು ಎಂಬ ಮಾತನ್ನೂ ಇಲ್ಲೇ ಸರಿಪಡಿಸುತ್ತೇನೆ. ಏಪ್ರಿಲ್ 17ರ ಬುಧವಾರ ಅವರು ರಿಯಲ್ ಮ್ಯಾಡ್ರಿಡ್ ವಿರುದ್ಧ 120 ನಿಮಿಷ ಆಡಿ ಪೆನಾಲ್ಟಿಯಲ್ಲಿ ಸೋತರು. ಮೂರೇ ದಿನಕ್ಕೆ, ಶನಿವಾರ, ವೆಂಬ್ಲಿಯಲ್ಲಿ ಚೆಲ್ಸಿ ವಿರುದ್ಧ ಎಫ್‌ಎ ಕಪ್ ಸೆಮಿಫೈನಲ್. ಇನ್ನೊಂದು ಸೆಮಿಫೈನಲ್ ಆಡಿದ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಕವೆಂಟ್ರಿಗೆ ಆ ವಾರದ ನಡುವೆ ಆಟವೇ ಇರಲಿಲ್ಲ, ಆದರೂ ಭಾನುವಾರ ಸಿಕ್ಕಿದ್ದು ಅವರಿಗೆ. ಸಿಟಿಯ ಅಂದಿನ ತರಬೇತುದಾರ ಗ್ವಾರ್ಡಿಯೋಲಾ ಸಿಟ್ಟಾದದ್ದು ನ್ಯಾಯವಾಗಿಯೇ ಇತ್ತು. ಸಿಟಿ ಆ ಪಂದ್ಯವನ್ನು ಬರ್ನಾರ್ಡೋ ಸಿಲ್ವಾ ಅವರ ಒಂದೇ ಗೋಲಿನಿಂದ ಗೆದ್ದಿತು. ಆರ್ಸೆನಲ್ ಜನವರಿಯಲ್ಲೇ ಲಿವರ್‌ಪೂಲ್‌ಗೆ ಸೋತು ಆ ಕಪ್‌ನಿಂದ ಹೊರಬಿದ್ದಿತ್ತು, ಅಂದರೆ ಮೂವರಲ್ಲಿ ಅದಕ್ಕೇ ಹೊರೆ ಕಡಿಮೆ.

ಆ ಸೆಮಿಫೈನಲ್‌ನಿಂದಾಗಿ ಮುಂದಕ್ಕೆ ಹೋದ ಪಂದ್ಯವೇ ಮೇ 14ರ ಟಾಟನ್‌ಹ್ಯಾಮ್ ಪಂದ್ಯ. ಅಳಿಯನ ನಿಜವಾದ ನೋವು ಅಲ್ಲಿದೆ ಎಂದು ನನಗೆ ಗೊತ್ತು. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ ಆರಂಭವಾದ ಆಟ. ಆರ್ಸೆನಲ್ 86, ಸಿಟಿ 85. ಹಾಲಂಡ್ ಗೋಲಿನಿಂದ ಸಿಟಿ ಮುಂದಿದ್ದಾಗ, ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ, ಟಾಟನ್‌ಹ್ಯಾಮ್‌ನ ಸನ್ ಹ್ಯುಂಗ್-ಮಿನ್ ಒಬ್ಬನೇ ಚೆಂಡಿನೊಡನೆ ನುಗ್ಗಿ ಬಂದ. ಸಿಟಿಯ ಬದಲಿ ಗೋಲ್‌ಕೀಪರ್ ಸ್ಟೆಫಾನ್ ಒರ್ಟೆಗಾ ಕಾಲು ಚಾಚಿ ತಡೆದ. ಅದು ಒಳಗೆ ಹೋಗಿ ಪಂದ್ಯ 1-1ಕ್ಕೆ ಮುಗಿದಿದ್ದರೆ, ಉಳಿದದ್ದೆಲ್ಲ ನಡೆದಂತೆಯೇ ನಡೆದಿದ್ದರೆ, ಇಬ್ಬರೂ 89 ಅಂಕಗಳಿಗೆ ಬಂದು ಅಂಕ ಸಮವಾದಾಗ ನೋಡುವ ಗೋಲು ಅಂತರದಲ್ಲಿ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದರೆ ಉಳಿಯುವುದು) ಆರ್ಸೆನಲ್ 62, ಸಿಟಿ 60 ಆಗುತ್ತಿತ್ತು. ಲೀಗ್ ಪ್ರಶಸ್ತಿ ಲಂಡನ್ನಿಗೆ ಹೋಗುತ್ತಿತ್ತು. ಅಷ್ಟು ತೆಳುವಾದ ಗೆರೆ ಅದು. ಆದರೆ ಆ ಗೆರೆಯನ್ನು ಎಳೆದದ್ದು ಒರ್ಟೆಗಾನ ಕಾಲೇ ಹೊರತು ಮುಂದೂಡಿದ ದಿನಾಂಕವಲ್ಲ.

ಇನ್ನೂ ಒಂದು ಲೆಕ್ಕವಿದೆ, ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು ಇದನ್ನೇ. ಆ ಋತುವಿನಲ್ಲಿ ಸಿಟಿ ಲೀಗ್‌ನಲ್ಲಿ ಆರ್ಸೆನಲ್ ಅಥವಾ ಲಿವರ್‌ಪೂಲ್ ವಿರುದ್ಧ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ನಾಲ್ಕು ಪಂದ್ಯದಲ್ಲಿ ಮೂರು ಡ್ರಾ, ಒಂದು ಸೋಲು, ಮೂರೇ ಅಂಕ. ಆರ್ಸೆನಲ್ ಅದೇ ರೀತಿಯ ನಾಲ್ಕು ಪಂದ್ಯಗಳಲ್ಲಿ ಎಂಟು ಅಂಕ ಗಳಿಸಿತು, ಒಂದನ್ನೂ ಸೋಲಲಿಲ್ಲ. ಒಟ್ಟು ಗೆಲುವು ಇಬ್ಬರದೂ 28. ಆರ್ಸೆನಲ್ ಐದು ಸೋತಿತು, ಸಿಟಿ ಮೂರು. ಆ ಐದು ಯಾರ ವಿರುದ್ಧ? ನ್ಯೂಕ್ಯಾಸಲ್, ವೆಸ್ಟ್ ಹ್ಯಾಮ್, ಫುಲ್‌ಹ್ಯಾಮ್, ಮತ್ತು ವಿಲ್ಲಾ ಎರಡು ಬಾರಿ. ವಿಲ್ಲಾ ಮತ್ತು ಫುಲ್‌ಹ್ಯಾಮ್ ಎಂಬ ಎರಡು ತಂಡಗಳ ವಿರುದ್ಧ ಸಿಗಬಹುದಾಗಿದ್ದ 12 ಅಂಕಗಳಲ್ಲಿ ಆರ್ಸೆನಲ್ ಪಡೆದದ್ದು ಒಂದೇ. ಪ್ರಶಸ್ತಿ ತಪ್ಪಿದ್ದು 91ಕ್ಕೆ 89, ಎರಡೇ ಅಂಕದಿಂದ.

ಇದನ್ನು ಹೇಳುವಾಗ ನನಗೆ 2015ರ ಮೇ 31ರ ಕಂಠೀರವ ಕ್ರೀಡಾಂಗಣ ನೆನಪಾಗುತ್ತದೆ. ಭಾವನವರೇ, ನೀವೂ ಜೊತೆಗಿದ್ದಿರಿ. ಆಗ ನಮ್ಮ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ ಕೊನೆಯ ದಿನ, ಮೊದಲ ಎರಡು ಸ್ಥಾನದಲ್ಲಿದ್ದ ಮೋಹನ್ ಬಗಾನ್ ಮತ್ತು ನಮ್ಮ ಬೆಂಗಳೂರು ಎಫ್‌ಸಿ ಮುಖಾಮುಖಿ. ನಮಗೆ ಗೆಲುವು ಬೇಕಿತ್ತು, ಅವರಿಗೆ ಡ್ರಾ ಸಾಕಿತ್ತು. ವೇಳಾಪಟ್ಟಿ ನಮಗೆ ಇದಕ್ಕಿಂತ ಹೆಚ್ಚಿನದೇನನ್ನೂ ಕೊಡಲು ಸಾಧ್ಯವಿರಲಿಲ್ಲ: ನಮ್ಮ ನೆಲ, ನಮ್ಮ ಜನ, ಎದುರಾಳಿಯನ್ನು ನೇರವಾಗಿ ಹಿಂದಿಕ್ಕುವ ಅವಕಾಶ. ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. 87ನೇ ನಿಮಿಷದಲ್ಲಿ ಬಗಾನ್‌ನ ಬೆಲ್ಲೋ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಕಳಿಸಿದರು. ಬಗಾನ್ 39, ಬೆಂಗಳೂರು 37. ಅಂದು ಮನೆಗೆ ಮರಳುವಾಗ ನಮ್ಮಲ್ಲಿ ಯಾರೂ ಪಟ್ಟಿಯನ್ನು ದೂರಲಿಲ್ಲ, ದೂರಲು ಅಲ್ಲಿ ಏನೂ ಇರಲಿಲ್ಲ.

ಮುಂದೆ ಯಾರು ಗೆಲ್ಲಬಹುದು ಎಂಬ ಚರ್ಚೆಗೂ ಇದೇ ಅಳತೆಯನ್ನು, ಅಂದರೆ ಉಳಿದ ತಂಡಗಳ ವಿರುದ್ಧ ಬಿಟ್ಟುಕೊಟ್ಟ ಅಂಕಗಳನ್ನು, ಹಿಡಿಯಿರಿ ಎಂಬುದು ನನ್ನ ವಿನಂತಿ. ದೊಡ್ಡ ತಂಡಗಳ ಮುಖಾಮುಖಿಯ ದಿನಾಂಕಗಳನ್ನು ಗುರುತು ಹಾಕಿಕೊಂಡು ಕೂರುವುದರಿಂದ ಉತ್ತರ ಸಿಗುವುದಿಲ್ಲ. 2024-25ರಲ್ಲಿ ಆರ್ಸೆನಲ್ ತನ್ನ ತವರಿನಲ್ಲಿ ಸಿಟಿಯನ್ನು 5-1ರಿಂದ ಸೋಲಿಸಿತು, ಲಿವರ್‌ಪೂಲ್ ಜೊತೆ ಎರಡೂ ಬಾರಿ 2-2 ಡ್ರಾ ಮಾಡಿಕೊಂಡಿತು. ಆದರೆ ಬೋರ್ನ್‌ಮತ್ ತಂಡಕ್ಕೆ ಎರಡು ಬಾರಿ ಸೋತಿತು, ಎವರ್ಟನ್ ಮತ್ತು ಬ್ರೈಟನ್ ಜೊತೆ ಎರಡೆರಡು ಬಾರಿ ಡ್ರಾ. ಒಟ್ಟು 14 ಡ್ರಾ, 74 ಅಂಕ. ಲಿವರ್‌ಪೂಲ್ 84 ಅಂಕಗಳೊಂದಿಗೆ ಚಾಂಪಿಯನ್. ಅಳಿಯಾ, ಮುಂದಿನ ಬಾರಿ ಪಟ್ಟಿ ಪ್ರಕಟವಾದಾಗ ಬೋರ್ನ್‌ಮತ್, ಫುಲ್‌ಹ್ಯಾಮ್, ಬ್ರೈಟನ್ ಪಂದ್ಯಗಳು ಯಾವ ಯುರೋಪಿನ ರಾತ್ರಿಯ ಮಗ್ಗುಲಿಗೆ ಬಿದ್ದಿವೆ ಎಂಬುದನ್ನು ಮೊದಲು ಬರೆದು ಕಳಿಸು, ಪುಟ್ಟಿಯೂ ಲಿವರ್‌ಪೂಲ್‌ನದನ್ನು ಕಳಿಸಲಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಅಂದು ಮಾತನಾಡೋಣ.