ಮದರ್ ಇನ್ ಸ್ಕೂಲ್ ಸರ್ವಿಸ್

ಶಿಕ್ಷಕರ ದಿನ. ಬೆಳಿಗ್ಗೆ 6.10ಕ್ಕೇ ಮನೆಯ ಗುಂಪಿಗೆ ದೊಡ್ಡಪ್ಪನ ಫಾರ್ವರ್ಡ್ ಬಂತು. ಗುಲಾಬಿ, ದೀಪ, ಕೆಳಗೆ ದಪ್ಪ ಅಕ್ಷರ: "ಟೀಚರನ್ನು ಮಿಸ್ ಎನ್ನುವುದೇಕೆ ಗೊತ್ತೇ? ಮದರ್ ಇನ್ ಸ್ಕೂಲ್ ಸರ್ವಿಸ್! 10 ಜನಕ್ಕೆ ಕಳಿಸಿ."

ಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದವು. ಆಮೇಲೆ ಅಣ್ಣ ಎದ್ದ.

ಅಣ್ಣ: ಇದಕ್ಕೆ ಆಧಾರ ಏನು ದೊಡ್ಡಪ್ಪ? ಮಿಸ್ಟ್ರೆಸ್ ಎನ್ನುವುದನ್ನು ಕತ್ತರಿಸಿದರೆ ಮಿಸ್. ಮಿಸೆಸ್ ಕೂಡ ಅದರ ಮೊಟಕು. ಮಿಸ್ಟ್ರೆಸ್ ಎಂದರೆ ಹೆಣ್ಣು ಮಾಸ್ಟರ್, ಅಷ್ಟೇ. ಬೇರು ಲ್ಯಾಟಿನ್ನಿನ ಮ್ಯಾಜಿಸ್ಟರ್. ಇದರಲ್ಲಿ ಮದರ್ ಎಲ್ಲಿಂದ ಬಂದಳು?

ದೊಡ್ಡಪ್ಪ: ಪ್ರಶ್ನೆ ಕೇಳುವುದನ್ನು ಕಲಿಸಿದ್ದೂ ಗುರುಗಳೇ ಮಗಾ. ಒಳ್ಳೆಯ ಮಾತಿಗೂ ಆಧಾರ ಬೇಕಾ?

ಅಣ್ಣ: ನಿಂಬೆ ನೀರಿನ ಫಾರ್ವರ್ಡ್ ವಿಷಯದಲ್ಲೂ ಹೀಗೇ ಹೇಳಿದ್ದಿರಿ.

ಚಿಕ್ಕಮ್ಮ: ನಿಂಬೆ ನೀರು ಕಳಿಸಿದ್ದು ನಾನು. ಸುಮ್ನೆ ಅವರನ್ನು ಯಾಕೆ ಎಳೆಯುತ್ತೀಯ?

ಭಾವ: ಮದುವೆಯಾದವರನ್ನೂ ಮಿಸ್ ಎನ್ನುತ್ತಾರಲ್ಲ, ಅದು ತಪ್ಪಲ್ವಾ?

ಅಣ್ಣ: ಇಂಗ್ಲೆಂಡಿನಲ್ಲಿ ಎಷ್ಟೋ ಕಡೆ ಮದುವೆಯಾದರೆ ಟೀಚರ್ ಕೆಲಸವೇ ಹೋಗುತ್ತಿತ್ತು. ಆ ನಿಯಮ ಹೋಗಿದ್ದು 1944ರ ಶಿಕ್ಷಣ ಕಾಯ್ದೆಯಿಂದ. ಅಲ್ಲಿಯವರೆಗೆ ಉಳಿದವರು ಜಾಸ್ತಿ ಮಿಸ್‌ಗಳೇ.

ಶಿರಸಿಯ ತಮ್ಮ: ನಮ್ಮ ಕಡೆ ಮಿಸ್ಸೂ ಇಲ್ಲ, ಮಿಸೆಸ್ಸೂ ಇಲ್ಲ. ಅಕ್ಕೋರು! ಮಳೆಗಾಲದಲ್ಲಿ ಅಕ್ಕೋರ ಕೊಡೆ ಹಿಡಿಯುವುದಕ್ಕೆ ನಮ್ಮಲ್ಲಿ ಜಗಳ. ಹಳ್ಳ ದಾಟುವ ಆ ಅಡಿಕೆ ಮರದ ಸಂಕ ಯಾರಿಗಾದರೂ ನೆನಪಿದೆಯಾ?

ಅಕ್ಕ: ಇದೆ. ಅದರ ಮೇಲಿಂದ ನನ್ನನ್ನು ತಳ್ಳಿದ್ದು ನೀನೇ.

(1944 ಯಾರಿಗೂ ಬೇಕಿರಲಿಲ್ಲ. ಸಂಕಕ್ಕೆ 14 ಉತ್ತರ ಬಂತು.)

ಅಣ್ಣ: ಇನ್ನೊಂದು ಕೇಳಿ. ಪೋರ್ಚುಗೀಸರ ಮೆಸ್ತ್ರೆಯೇ ನಮ್ಮ ಮೇಸ್ತ್ರಿ. ಅದರ ಬೇರೂ ಮ್ಯಾಜಿಸ್ಟರ್. ಮಿಸ್ಸೂ ಮೇಸ್ತ್ರಿಯೂ ನೆಂಟರು!

ದೊಡ್ಡಪ್ಪ: ಗುರುವನ್ನು ಗಾರೆ ಕೆಲಸದವರ ಜೊತೆ ಸೇರಿಸುತ್ತೀಯಾ? ಅದೂ ಇವತ್ತು? ನಿಮ್ಮತ್ತೆ 31 ವರ್ಷ ಪಾಠ ಮಾಡಿದವಳು. ಅವಳಿಗಾದರೂ ಮರ್ಯಾದೆ ಕೊಡು.

ಚಿಕ್ಕಮ್ಮ: ಮರ್ಯಾದೆನಾ? ಗೃಹಪ್ರವೇಶದ ಕಾರ್ಡಿನಲ್ಲಿ, 58ನೇ ವಯಸ್ಸಿನಲ್ಲಿ, ಅವರ ಹೆಸರಿನ ಹಿಂದೆ ಕುಮಾರಿ ಹಾಕಿಸಿದವರು ಯಾರು ದೊಡ್ಡ ಭಾವ?

ಗುಂಪು ತಣ್ಣಗಾಯಿತು. ಅತ್ತೆ ಟೈಪ್ ಮಾಡುತ್ತಿದ್ದಾರೆ ಎಂದು ಮೇಲೆ ಕಾಣಿಸಿತು. ಮಾಯವಾಯಿತು. ಮತ್ತೆ ಕಾಣಿಸಿತು.

ಅತ್ತೆ: ದೊಡ್ಡಣ್ಣಾ, ನಿನ್ನ ಚಿತ್ರದಲ್ಲಿ ಶಿಕ್ಷಕರ ಎನ್ನುವುದಕ್ಕೆ ಸಿಕ್ಷಕರ ಎಂದಿದೆ. ಮೊದಲು ತೆಗೆ.

ದೊಡ್ಡಪ್ಪ: ತೆಗೆದೆ.

ಅಣ್ಣ: ನಿಮ್ಮ ಫೋನಿನಲ್ಲಿ ಮಾತ್ರ ಹೋಗಿದೆ ದೊಡ್ಡಪ್ಪ. ನಮಗೆಲ್ಲ ಇನ್ನೂ ಕಾಣುತ್ತಿದೆ.